ಅಡುಗೆಮನೆಗೆ ಬಣ್ಣ ಬಂದ ದಿನ

ಬೆಳಗ್ಗೆಯಿಂದ ಅವಳ ಕಾಲು ನೆಲದ ಮೇಲೆ ನಿಂತಿಲ್ಲ. ಪಾತ್ರೆ, ಡಬ್ಬಿ, ಒಲೆ ಎಲ್ಲವೂ ನಡುಮನೆಗೆ ಬಂದಿವೆ. ತಾನು ಮದುವೆಯಾಗಿ ಬಂದಂದಿನಿಂದ ಬಣ್ಣ ಕಾಣದ ಅಡುಗೆಮನೆಗೆ ಇವತ್ತು ಬಣ್ಣ. ಅದೂ ಪೇಂಟರ್ ಮನೆಯ ಅಡುಗೆಮನೆ.

“ನಗೋರು ನಗಲಿ ಬಿಡು” ಎಂದು ಮಗಳಿಗೆ ಹೇಳಿ ತಾನೇ ಮೊದಲು ನಕ್ಕಳು.

ಗಂಡ ತೀರಿಕೊಂಡು ವರ್ಷವಾಗಿದೆ. ಬೀದಿಯವರೆಲ್ಲ ಅವನನ್ನು ಬಣ್ಣದಣ್ಣ ಎನ್ನುತ್ತಿದ್ದರು. ಬೆಳಕು ಹರಿಯುವ ಮೊದಲೇ ಏಣಿ ಹೆಗಲಿಗೇರಿಸಿ ಹೊರಟವನು ಸಂಜೆ ರೆಪ್ಪೆಯ ಮೇಲೆ ಸುಣ್ಣದ ಪುಡಿ ಹೊತ್ತು ಬರುತ್ತಿದ್ದ. ಹೆಣ್ಣುಮಕ್ಕಳ ಓದು, ತಮ್ಮನ ಅಂಗಡಿ, ಅಮ್ಮನ ಔಷಧಿ, ಎಲ್ಲವನ್ನೂ ಅದೇ ಹೆಗಲು ಹೊತ್ತಿತ್ತು. ಕೆಲಸ ಮುಗಿದ ಮನೆಗಳಲ್ಲಿ ಡಬ್ಬದ ತಳದಲ್ಲಿ ಉಳಿದ ಬಣ್ಣವನ್ನು ಕೇಳಿ ತರುತ್ತಿದ್ದ. ತಂದವನು ಮೊದಲು ಅಡುಗೆಮನೆಯ ಗೋಡೆಗೆ ಅಂಗೈಯಗಲ ಬಳಿಯುತ್ತಿದ್ದ.

“ಹೇಗಿದೆ ನೋಡೇ?”

“ಚೆನ್ನಾಗಿದೆ.”

“ಭಾನುವಾರ ಪೂರ್ತಿ ಹಚ್ಚಿಬಿಡ್ಲಾ?”

“ನೋಡೋಣ.”

ನೋಡೋಣ ಎನ್ನದೆ ಇನ್ನೇನನ್ನುವುದು? ಗೋಡೆಗೆ ಬಣ್ಣ ಬೀಳಬೇಕಾದರೆ ಒಲೆ ಆರಬೇಕು. ಭಾನುವಾರ ಬಂತೆಂದರೆ ಅವನೇ ಯಾರನ್ನಾದರೂ ಹಿಂದೆ ಕಟ್ಟಿಕೊಂಡು ಬರುತ್ತಿದ್ದ. “ಹಸಿದಿದ್ದಾರೆ ಕಣೇ, ಏನಿದ್ರೂ ಸಾಕು.” ಏನೂ ಇಲ್ಲದ ಹೊತ್ತಿನಲ್ಲಿ ಈ ‘ಏನಿದ್ರೂ ಸಾಕು’ ಎಷ್ಟು ದೊಡ್ಡ ಕೆಲಸವೆಂದು ಹೇಳುವವನಿಗೆ ಗೊತ್ತಿರುವುದಿಲ್ಲ. ಅವನದು ಕೊಡುಗೈ, ನಿಜ. ಆದರೆ ಆ ಕೈ ಕೊಟ್ಟದ್ದೆಲ್ಲ ಬೇಯುತ್ತಿದ್ದುದು ಇವಳ ಒಲೆಯ ಮೇಲೆ.

ಹಾಗೆ ಹಸಿರು ಡಬ್ಬ ಎದುರುಮನೆ ಅಜ್ಜಿಯ ಬಾಗಿಲಿಗೆ ಹೋಯಿತು, ನೀಲಿ ಶಾಲೆಯ ಗೇಟಿಗೆ. ಇಡೀ ಬೀದಿ ಬಣ್ಣಬಣ್ಣವಾಯಿತು. ಇವಳ ಗೋಡೆ ಮಾತ್ರ ತೇಪೆ ಹಾಕಿದ ಅಂಗಿಯಂತೆ ಉಳಿಯಿತು.

ಒಮ್ಮೆ ಕೆಲಸ ಶುರುವಾದದ್ದೂ ಉಂಟು. ಅವನ ಜೊತೆಗಾರ, ಎಲ್ಲರೂ ಗಿಡ್ಡ ಎಂದು ಕರೆಯುವ ಆರಡಿ ಆಸಾಮಿ, ಗೋಡೆ ಕೆರೆಯಲು ಬಂದವನು ಟೀ ಕೇಳಿದ. ಒಲೆ ಹೊತ್ತಿತು. ಟೀ ಆದಮೇಲೆ ಊಟವೂ ಆಯಿತು, ಸಂಜೆಯೂ ಆಯಿತು. ಬಣ್ಣ ಅಲ್ಲಿಗೇ ನಿಂತಿತು.

ಕೊನೆಗಾಲದಲ್ಲಿ ಮಂಡಿ ಕೈಕೊಟ್ಟು, ಏಣಿ ಹತ್ತಲಾಗದೆ ಅವನು ಅಡುಗೆಮನೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂರತೊಡಗಿದ. ಒಂದು ಇಡೀ ದಿನವನ್ನು ಆ ಮೂಲೆಯಿಂದ ಅವನು ನೋಡಿದ್ದು ಅದೇ ಮೊದಲು. ಸಂಜೆ ಕೇಳಿದ: “ನೀನು ಕೂರೋದೇ ಇಲ್ವಾ?”

“ಕೂತರೆ ನಿಮ್ಮ ನೆಂಟರಿಗೆ ಬಡಿಸೋರ್ಯಾರು?”

ಅವನು ನಗಲಿಲ್ಲ. ಮರುದಿನದಿಂದ ಈರುಳ್ಳಿ ಹೆಚ್ಚತೊಡಗಿದ, ಒಂದೊಂದು ಹೋಳೂ ಇಟ್ಟಿಗೆಯಷ್ಟು ದಪ್ಪ. ಹೆಚ್ಚುತ್ತಲೇ ಒಂದು ದಿನ ಹೇಳಿದ: “ನಾನಿರಲಿ ಬಿಡಲಿ, ಈ ಗೋಡೆಗೆ ಬಣ್ಣ ಹಚ್ಚಿಸು. ಅವತ್ತು ಮಾತ್ರ ಯಾರಿಗೂ ನೀರು ಕೂಡ ಕಾಯಿಸ್ಬೇಡ. ಕಾಯಿಸಿದ್ಯೋ, ಕೆಟ್ಟಿತು ಕೆಲಸ.”

ಇವತ್ತು ಗಿಡ್ಡ ಮತ್ತೆ ಬಂದಿದ್ದಾನೆ. ಕೂಲಿ ಬೇಡವೆಂದಿದ್ದಾನೆ. ಡಬ್ಬ ಈ ಸಲ ಯಾರದೋ ಮನೆಯಲ್ಲಿ ಉಳಿದದ್ದಲ್ಲ. ಅವಳೇ ಅಂಗಡಿಗೆ ಹೋಗಿ, ಅಂಗಡಿಯವನ ತಲೆ ತಿಂದು, ಆರಿಸಿ ತಂದ ಮಾಗಿದ ನಿಂಬೆಯ ಹಳದಿ. ಗಿಡ್ಡ ಮುಚ್ಚಳ ಎಬ್ಬಿಸಿದಾಗ ಅವಳು ಬಗ್ಗಿ ನೋಡಿದಳು.

ಒಂದು ಗೋಡೆ ಕೆರೆದು ಮುಗಿಯಿತು. ಗಿಡ್ಡ ಏಣಿಯ ಮೇಲಿಂದ ಬೆವರು ಒರೆಸಿಕೊಂಡ.

“ಅತ್ತಿಗೆ, ಒಂದು ಲೋಟ ಟೀ ಆಗಿದ್ರೆ...”

ಅವಳು ಎದ್ದು ನಡುಮನೆಗೆ ನಡೆದೇಬಿಟ್ಟಳು. ಕೈ ಒಲೆಯ ಮೇಲೆ ಹೊದಿಸಿದ ಬಟ್ಟೆಯ ತುದಿ ಹಿಡಿದಿತ್ತು. ಮಗಳು “ಅಮ್ಮಾ” ಎಂದಳು, ಅಷ್ಟೇ. ಸ್ಟೂಲಿನ ಮೇಲೆ ಕೂತ ಗಂಡ, ಅವನು ಹೆಚ್ಚಿದ ಆ ದಪ್ಪ ದಪ್ಪ ಈರುಳ್ಳಿ ಹೋಳು ಕಣ್ಣಿಗೆ ಕಟ್ಟಿದವು. ಅವಳು ಬಟ್ಟೆಯನ್ನು ಮತ್ತೆ ಸರಿಯಾಗಿ ಹೊದಿಸಿದಳು.

“ಮೂಲೆ ಅಂಗಡೀಲಿ ಸಿಗುತ್ತೆ, ಹೋಗಿ ತಗೊಂಬಾ. ನನಗೂ ಒಂದು. ಸಕ್ಕರೆ ಕಮ್ಮಿ ಹಾಕ್ಸು.”

ಗಿಡ್ಡ ಬಾಯಿ ಬಿಟ್ಟುಕೊಂಡು ಇಳಿದು ಹೋದ. ಬಿಸಿ ಟೀ ತಂದು ಅವಳ ಕೈಗಿಟ್ಟು, ತನ್ನದು ಕುಡಿದು ಮತ್ತೆ ಏಣಿ ಹತ್ತಿದ. ಬೇರೆಯವರು ಮಾಡಿದ ಟೀ ಕುಡಿಯುತ್ತ, ಗಂಡ ಕೂರುತ್ತಿದ್ದ ಸ್ಟೂಲಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಅವಳು ಮೇಲೆ ನೋಡಿದಳು.

“ಏ ಗಿಡ್ಡ, ಆ ಮೂಲೆ ಬಿಟ್ಟಿದ್ದೀಯಲ್ಲೋ. ನಿಮ್ಮಣ್ಣ ಇದ್ದಿದ್ರೆ ಒಪ್ತಿದ್ರಾ? ನಾನೂ ಒಪ್ಪಲ್ಲ.”