ಮಾಣಿಕನ ಹೆಸರು ಓದಿದ ದಿನ

ಜಾಲಿಯ ಅಂಟು ಕಾಯುವಾಗಿನ ವಾಸನೆ ನಿಮಗೆ ನೆನಪಿದೆಯೋ ಇಲ್ಲವೋ. ತುಸು ಸಿಹಿ, ತುಸು ಸುಟ್ಟ ಕಟ್ಟಿಗೆಯ ಹಾಗೆ, ಗಂಟಲಲ್ಲೇ ಉಳಿದುಬಿಡುವ ವಾಸನೆ. ಮೊನ್ನೆ ಬೀದರಿನ ಓಣಿಯೊಂದರಲ್ಲಿ ಯಾರದೋ ಮನೆಯ ಬಾಣಂತಿಗೆ ಅಂಟಿನುಂಡಿ ಕಟ್ಟುತ್ತಿದ್ದರು. ನಾನು ದಾರಿಯಲ್ಲೇ ಗೋಡೆ ಹಿಡಿದು ನಿಂತೆ. ಔರಾದಿನ ನಮ್ಮ ಮನೆಯಲ್ಲಿ ಆ ವಾಸನೆ ಬಂತೆಂದರೆ ನೀಲವ್ವತ್ತಿ ಶಾಯಿ ಮಾಡುತ್ತಿದ್ದಾಳೆಂದು ಅರ್ಥ. ನಿಜಾಮರ ಕಾಲ ಅದು, ಕಚೇರಿಯಲ್ಲೆಲ್ಲ ಉರ್ದು. ಅಪ್ಪ ನಮ್ಮ ಪಡಸಾಲೆಯಲ್ಲೇ ಊರ ಹುಡುಗರಿಗೆ ಕನ್ನಡ ಸಾಲಿ ನಡೆಸುತ್ತಿದ್ದ. ಅತ್ತಿ ಅಪ್ಪನ ತಂಗಿ. ಭಾಲ್ಕಿಯಲ್ಲಿ ಗಂಡ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬಂದವಳು. ಬಾಗಿಲ ಹಿಂದೆ ಜೋಳ ಹಸನು ಮಾಡುತ್ತ, ಪಾಠ ಕೇಳುತ್ತ ಕೇಳುತ್ತ, ಯಾರೂ ಕಲಿಸದೆ ಅಕ್ಷರ ಕಲಿತಿದ್ದಳು.

ಆ ಬೇಸಿಗೆಯಲ್ಲಿ ಜಾಗೀರದಾರನ ಕಾರುಬಾರು ನೋಡುವ ನಾಯಬ ತನ್ನ ತೋಟದ ಬಾವಿ ತೋಡಲು ಕೆಳಗಿನ ಓಣಿಯ ಗಂಡಸರನ್ನೆಲ್ಲ ಬಿಟ್ಟಿ ಚಾಕರಿಗೆ ಎಳೆಸಿದ. ಆ ಓಣಿಯ ಲಚಮವ್ವನ ಗಂಡ ಮಾಣಿಕ ಜ್ವರದಿಂದ ಮಲಗಿದ್ದ, ಬರಲಾರೆ ಅಂದ. ಚಾವಡಿಯ ಮುಂದೆ, ಹಾಡಹಗಲಲ್ಲಿ, ಬಾರಕೋಲಿನಿಂದ ಹೊಡೆದರು. ಹೊತ್ತು ಮುಳುಗುವುದರೊಳಗೆ ಸತ್ತ. ನೀರಿಗೆ ಹೋಗಿದ್ದ ಅತ್ತಿ ಕಣ್ಣಾರೆ ಕಂಡು, ಖಾಲಿ ಕೊಡದೊಂದಿಗೆ ಮನೆಗೆ ಬಂದಳು. ಅಪ್ಪ ಬೀದರಿನ ಕಚೇರಿಯ ಸಾಹೇಬರಿಗೆ ಉರ್ದುವಿನಲ್ಲಿ ಅರ್ಜಿ ಬರೆಯಲು ಕೂತ. ಸುದ್ದಿ ಹೇಗೆ ಹೋಯಿತೋ, ನಾಯಬನ ಆಳುಗಳು ಒಳನುಗ್ಗಿ ಕಾಗದ ಹರಿದರು. ಅಪ್ಪನ ಬಲಗೈಯನ್ನು ಹೊಸ್ತಿಲ ಮೇಲೆ ಒತ್ತಿ ಹಿಡಿದು ನಮ್ಮದೇ ಒನಕೆಯಿಂದ ಜಜ್ಜಿದರು. "ಈಗ ಬರಿ ಮಾಸ್ತರ, ನೋಡೂಣು," ಎಂದು ಒಬ್ಬ ನಕ್ಕ. ಅಪ್ಪ ಕೂಗಲಿಲ್ಲ. ಕೂಗಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲವೇನೋ.

"ಮುಗೀತು, ನೀಲಾ," ಅಂದ ಅಪ್ಪ, ಅರಿಶಿನ ಮೆತ್ತಿದ ಬಟ್ಟೆಯಲ್ಲಿ ಕೈ ಸುತ್ತಿಕೊಂಡು.

"ನಾ ಬರೀತೀನಿ ಅಣ್ಣಾ."

"ನಿನಗ ಕನ್ನಡ ಅಷ್ಟೇ ಬರ್ತದ. ಅಲ್ಲಿ ಯಾರು ಓದ್ತಾರ?"

"ಅಷ್ಟು ದೊಡ್ಡ ಕಚೇರಿಯೊಳಗ ಒಬ್ಬರರ ಇರ್ತಾರಲ್ಲ."

ಅವಳು ಬರೆಯುತ್ತಿದ್ದಾಗ ಲಚಮವ್ವ ಬಂದು ಅಂಗಳದಾಚೆಯೇ ನಿಂತಳು. ಅವರ ಓಣಿಯವರು ಮೇಲೆ ಬರುವ ಕಾಲವಲ್ಲ ಅದು. "ಅಕ್ಕಾರ, ಕಾಗದ ಹರೀತಾರ್ರಿ ಅವರು," ಅಂದಳು. "ಹರ್ಯಾಕ ಬರಲಾರದಲ್ಲಿ ಬರೀರಿ." ಮೊಳಕೈವರೆಗೆ ಸೆರಗು ಸರಿಸಿ ತೋಳು ಚಾಚಿದಳು. ಅತ್ತಿ ಒಂದು ಗಳಿಗೆ ನಿಂತಳು. ಆಮೇಲೆ ಅಂಗಳ ದಾಟಿ ಹೋಗಿ, ಮಣ್ಣಿನಲ್ಲಿ ಅವಳೆದುರು ಕೂತು, ಆ ತೋಳು ತನ್ನ ತೊಡೆಯ ಮೇಲಿಟ್ಟುಕೊಂಡು, ಅವಳ ಗಂಡನ ಹೆಸರು ಬರೆದಳು. ಶಾಯಿ ಆರುವ ಮೊದಲೇ ಹಚ್ಚೆ ಹಾಕುವ ಕೊರವಂಜಿಯನ್ನು ಕರೆಸಿದರು. ಅಕ್ಷರದ ಮೇಲೆ ಸೂಜಿ ಚುಚ್ಚುತ್ತ ಹೋದ ಹಾಗೆ ರಕ್ತ ಸಣ್ಣ ಸಣ್ಣ ಹನಿಯಾಗಿ ಮೇಲೆದ್ದಿತು. ಲಚಮವ್ವ ಅಳಲಿಲ್ಲ, ಅತ್ತಿ ಅತ್ತಳು. ಮರುದಿನ ಕುಸುಬಿ ಹೇರಿದ ಬಂಡಿಯೊಂದರಲ್ಲಿ ಅತ್ತಿ ಬೀದರಿಗೆ ಹೋಗಿ, ಅರ್ಜಿ ತೆಗೆದುಕೊಳ್ಳುವವರೆಗೂ ಕಚೇರಿಯ ಮೆಟ್ಟಿಲು ಬಿಟ್ಟು ಏಳಲಿಲ್ಲವಂತೆ.

ಕಡೆಗೊಂದು ದಿನ ಸಾಹೇಬರು ಬಂದರು, ಜೊತೆಗೆ ಕನ್ನಡ ಬಲ್ಲ ಮುನ್ಶಿ. ಚಾವಡಿಯ ಸುತ್ತ ನಾಯಬನ ಆಳುಗಳು ಬಡಿಗೆ ಹಿಡಿದು ನಿಂತಿದ್ದರು. ಊರೆಲ್ಲ ಸೇರಿತ್ತು. "ಸುಳ್ಳು ಅರ್ಜಿ ಹುಜೂರ್," ಅಂದ ನಾಯಬ, ಎದುರು ನಿಂತಿದ್ದ ಲಚಮವ್ವನ ಕಡೆ ಕೈ ಮಾಡಿ. "ಹಂಥಾ ಮನಷ್ಯಾನೇ ಈ ಊರಾಗ ಇದ್ದಿಲ್ರಿ. ಬೇಕಾದ್ರ ಈಕೀನ್ನೇ ಕೇಳ್ರಿ."

"ನಿನ್ನ ಗಂಡನ ಹೆಸರೇನು?" ಸಾಹೇಬರು ಕೇಳಿದ್ದನ್ನು ಮುನ್ಶಿ ಕನ್ನಡದಲ್ಲಿ ಹೇಳಿದ.

ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ತರಬಾರದು. ಅದು ನಾಯಬನಿಗೂ ಗೊತ್ತಿತ್ತು, ಮೀಸೆಯಲ್ಲೇ ನಗುತ್ತಿದ್ದ. ಲಚಮವ್ವ ಮೊಳಕೈವರೆಗೆ ಸೆರಗು ಸರಿಸಿದಳು. ಅವಳು ತೋಳು ಚಾಚಿದಳು. ಮುನ್ಶಿ ಬಗ್ಗಿ, ಕಣ್ಣು ಕಿರಿದು ಮಾಡಿ, ಗಟ್ಟಿಯಾಗಿ ಓದಿದ: "ಮಾಣಿಕ."

ಸತ್ತವನ ಹೆಸರನ್ನು ಆ ಚಾವಡಿಯಲ್ಲಿ ಯಾರೋ ಕೂಗಿ ಕರೆದ ಹಾಗಾಯಿತು. ಹಿಂದಿನಿಂದ ಬಾವಿ ತೋಡುವ ಮುದುಕನೊಬ್ಬ ಎದ್ದ. "ಹೌದ್ರಿ. ನನ್ನ ಬಾಜೂ ಮನೀಯವ್ನೇ ಅವ. ಹೊಡ್ಯೂದು ನಾ ನೋಡೇನಿ." ಅವನ ಹಿಂದೆ ಮತ್ತೊಬ್ಬ, ಆಮೇಲೆ ಹೆಂಗಸರು. ಬಡಿಗೆಗಳು ಅಲ್ಲೇ ಇದ್ದವು, ಒಂದೂ ಮೇಲೇಳಲಿಲ್ಲ. ಅತ್ತಿಯ ಅರ್ಜಿಯನ್ನು ಮುನ್ಶಿ ಮೊದಲಿನಿಂದ ಕಡೆಯವರೆಗೆ ಓದಿದ. ನಾಯಬನ ರುಮಾಲು ತೆಗೆಸಿ ಅವನನ್ನು ಬೀದರಿಗೆ ಕರೆದೊಯ್ದರು.

ಗೆದ್ದೆವು ಅನ್ನಲು ನನಗೆ ಇಂದಿಗೂ ಬಾಯಿ ಬರುವುದಿಲ್ಲ. ಅಪ್ಪನ ಬೆರಳುಗಳು ಒಣಗಿದ ಹುಣಸೆಕಾಯಿಯ ಹಾಗೆ ಮುರುಟಿಕೊಂಡೇ ಉಳಿದವು. ಜಾಗೀರದಾರನಿಗೆ ಹೆದರಿದ ಊರವರು ಮಕ್ಕಳನ್ನು ಸಾಲಿಗೆ ಕಳಿಸುವುದು ಬಿಟ್ಟರು. ಬೆಳಿಗ್ಗೆ ಪಡಸಾಲೆ ಗುಡಿಸಿ ಅಪ್ಪ ಸುಮ್ಮನೆ ಕೂತಿರುತ್ತಿದ್ದ. ಮುಂದಿನ ಚಳಿಗಾಲ ಪ್ಲೇಗು ಬಂತು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡೆವು. ಮೊದಲು ಲಚಮವ್ವ ಹೋದಳು. ಆಮೇಲೆ ನೀಲವ್ವತ್ತಿ. ತೊಗರಿ ಹೊಲದ ಬದುವಿನಲ್ಲಿ ಮಣ್ಣು ಮಾಡಿ, ಜನ ಬೇಗ ಬೇಗ ಹಿಂದಿರುಗಿದರು.

ಅಪ್ಪ ಅಲ್ಲೊಂದು ಕಲ್ಲು ನೆಟ್ಟು, ಎಡಗೈಯಲ್ಲಿ ಇದ್ದಿಲು ಹಿಡಿದು ಅವಳ ಹೆಸರು ಬರೆಯಲು ನೋಡಿದ. ಗೀರು ಗೀರಾಯಿತು. ಅಂಗೈಯಿಂದ ಒರೆಸಿ ಮತ್ತೆ ನೋಡಿದ. ಕೊನೆಗೆ ಇದ್ದಿಲನ್ನು ನನ್ನ ಕೈಗಿಟ್ಟು, "ನೀನರ ಬರಿ, ಮಗಳ," ಅಂದ. ಅತ್ತಿ ನನಗೆ ಇನ್ನೂ ಒತ್ತಕ್ಷರ ಕಲಿಸಿರಲಿಲ್ಲ. ನನಗೆ ಬಂದಷ್ಟು ಬರೆದೆ: ನೀಲವ. ಅಪ್ಪ ಬಹಳ ಹೊತ್ತು ಅದನ್ನೇ ನೋಡಿದ. ತಿದ್ದಲಿಲ್ಲ.