ಗವಿಯೊಳಗೆ ಇಲ್ಲದವರು

ಅಬ್ಬಾ ತೀರಿಕೊಂಡ ಮೇಲೆ ರಾಯಚೂರಿನ ನಮ್ಮ ಸ್ಟುಡಿಯೋ ನನ್ನ ಪಾಲಿಗೆ ಬಂತು. ಮದುವೆಗಳಿಗೆಲ್ಲ ಈಗ ಹೈದರಾಬಾದಿನ ಹುಡುಗರು ಡ್ರೋನ್ ಹಿಡಿದು ಬರುತ್ತಾರೆ. ನನಗೆ ಉಳಿದದ್ದು ಪಾಸ್‌ಪೋರ್ಟ್ ಸೈಜಿನ ಫೋಟೋ, ಮತ್ತೆ ಸತ್ತವರ ಫೋಟೋ. ಯಾವುದೋ ಕಾರ್ಯದಲ್ಲಿ ಮೊಬೈಲಿನಿಂದ ಹಿಡಿದ ಗುಂಪುಚಿತ್ರ ತಂದು, "ಇವ್ರೊಬ್ರನ್ನ ತಗದು ದೊಡ್ಡದು ಮಾಡಿ ಕೊಡ್ರಿ" ಅನ್ನುತ್ತಾರೆ. ಪಕ್ಕದಲ್ಲಿ ನಿಂತವರ ಕೈ ಸತ್ತವರ ಹೆಗಲ ಮೇಲಿರುತ್ತದೆ. ಆ ಕೈಯನ್ನು ಅಳಿಸುವುದು ನನ್ನ ಕೆಲಸ. ಅಬ್ಬಾನ ಫೋಟೋವನ್ನೂ ಹಾಗೇ ಮಾಡಿದೆ. ಅವರ ಹೆಗಲ ಮೇಲಿದ್ದದ್ದು ನನ್ನದೇ ಕೈ.

ಆ ದಿನಗಳಲ್ಲಿ ಒಬ್ಬ ಹಿರಿಯರು ಬ್ಯಾಟರಿ ಕೇಳಿಕೊಂಡು ಅಂಗಡಿಗೆ ಬಂದರು. ಧಾರವಾಡದ ಕಡೆಯವರು, ಕಾಲೇಜಿನಲ್ಲಿ ಭೂಗರ್ಭಶಾಸ್ತ್ರ ಕಲಿಸಿ ನಿವೃತ್ತರಾದವರು. ಜೀವನವಿಡೀ ರಜೆ ಸಿಕ್ಕಾಗಲೆಲ್ಲ ಗವಿಗಳಲ್ಲಿ ಇಳಿದವರು. ಅವರ ಜೊತೆ ನನ್ನದೇ ವಯಸ್ಸಿನ ಒಬ್ಬಾಕೆ ಇದ್ದಳು. ಅವರ ಬಳಿ ಓದಿದವಳು, ಮೇಘಾಲಯದ ಗವಿಗಳಲ್ಲಿ ವಾರಗಟ್ಟಲೆ ಕಳೆದವಳು, ಆಮೇಲೆ ನನಗೆ ಗೆಳತಿಯಾದವಳು. ಇಬ್ಬರೂ ದೇವದುರ್ಗ ಮತ್ತು ಮಾನ್ವಿಯ ನಡುವಿನ ಒಂದು ಗುಡ್ಡದ ಗವಿಯನ್ನು ಅಳೆದು ನಕ್ಷೆ ಮಾಡಲು ಹೊರಟಿದ್ದರು. ಫೋಟೋ ತೆಗೆಯಬೇಕಿದ್ದವರು ಜ್ವರದಿಂದ ಮಲಗಿದ್ದರಂತೆ. ಹಿರಿಯರ ಕಣ್ಣು ಗಾಜಿನ ಕಪಾಟಿನಲ್ಲಿದ್ದ ಅಬ್ಬಾನ ದೊಡ್ಡ ಫ್ಲಾಶ್ ದೀಪಗಳ ಮೇಲೆ ಬಿತ್ತು.

"ಇವು ಇನ್ನೂ ಹತ್ತತಾವೇನವಾ?"

"ಹತ್ತತಾವ್ರಿ ಸರ್."

"ಹಂಗಾದ್ರ ನೀನೂ ಬಾ."

ಮನೆಯಲ್ಲಿ ಹೇಳಿದಾಗ ಅಮ್ಮಿ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತಿ, "ಕೈಕು ಜಾತಿ ಮಾ ಉಧರ್?" ಅಂದಳು. ಯಾಕೆ ಹೋಗುತ್ತೀ ಅಲ್ಲಿಗೆ ಎಂದು. ಸ್ಟುಡಿಯೋದ ಬಾಗಿಲು ತೆರೆದು ಆ ಕುರ್ಚಿಯಲ್ಲಿ ಕೂರುವುದು ನನಗೆ ಸಾಕಾಗಿತ್ತು, ಅಷ್ಟೇ.

ಕಾಲುವೆ ನೀರಿನ ಭತ್ತದ ಗದ್ದೆಗಳು ಮುಗಿದು ಬಂಡೆಗಳು ಶುರುವಾಗುವಲ್ಲಿ ಆ ಊರು. ಜೀಪು ನಿಂತ ಕೂಡಲೆ ನಾಲ್ಕೈದು ಜನ ಸೇರಿದರು. ಆ ಗವಿ ನೆಲದೊಳಗೇ ಹೋಗಿ ದೇವಸುಗೂರಿನ ಹತ್ತಿರ ಕೃಷ್ಣೆಯ ದಂಡೆಗೆ ಏಳುತ್ತದೆ ಎಂದು ಒಬ್ಬ ಮುದುಕ ಹೇಳಿದ. ಹಿರಿಯರು ನಕ್ಕು ತಲೆಯಾಡಿಸಿದರು. ಎಲ್ಲ ಊರಿನ ಗವಿಯೂ ಒಂದು ಹೊಳೆಗೆ ಹೋಗುತ್ತದೆ ಎಂಬುದು ಅವರಿಗೆ ರೂಢಿಯಾಗಿತ್ತು.

ಗುಡ್ಡ ಹತ್ತುವಾಗ ನಮ್ಮ ಹಿಂದೆ ಒಬ್ಬ ಹೆಂಗಸು ಬಂದಳು. ಮೂವತ್ತೈದರ ಆಸುಪಾಸು, ಬರೀ ಹಣೆ, ಬರೀ ಕೈ. ಗವಿಯ ಬಾಯಿಯ ಹತ್ತಿರ ಬರುವವರೆಗೂ ಮಾತಾಡಲಿಲ್ಲ. ನಾವು ಹೆಲ್ಮೆಟ್ ಕಟ್ಟಿಕೊಳ್ಳತೊಡಗಿದಾಗ ನನ್ನ ಪಕ್ಕ ಕೂತು ಕೇಳಿದಳು.

"ಒಳಗ ಹೋಗಾಕತ್ತೀರೇನ್ರಿ ಅಕ್ಕಾರ?"

"ಹೌದ್ರಿ."

"ನಮ್ಮ ಮನಿಯವ್ರು ಒಳಗ ಅದಾರ್ರಿ."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಾಲ್ಕು ವರ್ಷದ ಹಿಂದೆ ಅವಳ ಗಂಡ ಕುರಿ ಮೇಯಿಸಲು ಈ ಗುಡ್ಡಕ್ಕೆ ಬಂದಿದ್ದ. ಸಂಜೆ ಕುರಿಗಳು ತಾವೇ ಮನೆಗೆ ಬಂದವು, ಅವನು ಬರಲಿಲ್ಲ. ಹುಡುಕಿದಾಗ ಗವಿಯ ಬಾಯಲ್ಲಿ ಅವನ ಕಂಬಳಿ, ಕೋಲು ಸಿಕ್ಕವು. ಮರಿ ಒಳಗೆ ಹೊಕ್ಕಿರಬೇಕು, ಹಿಡಿಯಲು ಹೋಗಿ ಸಿಕ್ಕಿಕೊಂಡಿರಬೇಕು ಎಂದು ಊರೆಲ್ಲ ಅಂದಿತು. ಒಂದಿಬ್ಬರು ಟಾರ್ಚ್ ಹಿಡಿದು ಮೊದಲ ಇಕ್ಕಟ್ಟಿನ ತನಕ ತೆವಳಿ, ಕೂಗಿ, ಹೆದರಿ ವಾಪಸು ಬಂದರು. ಆಮೇಲೆ ಯಾರೂ ಹೋಗಲಿಲ್ಲ. ಅವಳ ಬಳೆ ಒಡೆಸಿದರು. ಅಂದಿನಿಂದ ಪ್ರತಿ ಅಮಾವಾಸ್ಯೆಗೆ ಅವಳು ಎರಡು ರೊಟ್ಟಿ, ಪುಂಡಿಪಲ್ಲೆ ತಂದು ಗವಿಯ ಬಾಯಲ್ಲಿಟ್ಟು, ಒಳಗೆ ಮುಖ ಮಾಡಿ ಮನೆಯ ಸುದ್ದಿ ಹೇಳಿ ಹೋಗುತ್ತಿದ್ದಳು.

"ಒಂದು ಎಲುವು ಸಿಕ್ಕರೂ ತರ್ರಿ. ಮಣ್ಣು ಮಾಡ್ತೀನಿ," ಅಂದಳು.

ಹಿರಿಯರು ಕಟ್ಟುತ್ತಿದ್ದ ಹಗ್ಗ ಬಿಟ್ಟು ಅವಳ ಎದುರು ಬಂದು ಕೂತರು. "ಯವ್ವಾ, ನಾವು ನೋಡಿದ್ರ ಪೂರಾ ನೋಡ್ತೀವಿ. ಒಂದು ಸಂದಿ ಬಿಡಂಗಿಲ್ಲ. ಏನು ಕಂಡ್ರೂ ಖರೇನ ಹೇಳ್ತೀವಿ. ನೋಡೂದು ಬ್ಯಾಡ ಅಂದ್ರ ಈಗ ಹೇಳು, ಬರೀ ಫೋಟೋ ತಗೊಂಡು ಹೋಗ್ತೀವಿ."

"ನೋಡ್ರಿ ಯಪ್ಪಾ," ಅಂದಳು ಅವಳು. "ನಾಕು ವರ್ಷದಿಂದ ಯಾರರ ನೋಡ್ತಾರೇನು ಅಂತ ಕುಂತೀನಿ."

ಒಳಗೆ ಹೊಟ್ಟೆಯ ಮೇಲೆ ತೆವಳಬೇಕಿತ್ತು. ನಮ್ಮ ಗುಡ್ಡಗಳ ಗವಿಗಳೆಂದರೆ ಯಾವ ಕಾಲದಲ್ಲೋ ಉರುಳಿ ಒಂದರ ಮೇಲೊಂದು ಕೂತ ಬಂಡೆಗಳ ನಡುವಿನ ಖಾಲಿ ಜಾಗ. ಗೆಳತಿ ಮುಂದೆ, ನಾನು ನಡುವೆ, ಹಿರಿಯರು ಹಿಂದೆ. ಕ್ಯಾಮೆರಾವನ್ನು ಟವೆಲ್ಲಿನಲ್ಲಿ ಸುತ್ತಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು ಮುಂದೆ ತಳ್ಳಿಕೊಂಡು ಹೋಗುತ್ತಿದ್ದೆ. ಊರವರು ವಾಪಸಾದ ಇಕ್ಕಟ್ಟು ಬಂದಾಗ ಎದೆ ಬಂಡೆಗೆ ಕಚ್ಚಿಕೊಂಡಿತು. ಉಸಿರು ಎಳೆದಷ್ಟೂ ಬಿಗಿ.

"ಉಸಿರು ಬಿಡವಾ, ತಗೋಬ್ಯಾಡ," ಹಿಂದಿನಿಂದ ಹಿರಿಯರ ಧ್ವನಿ. "ಪೂರಾ ಬಿಟ್ಟು ಆಮ್ಯಾಲ ಜಾರು."

ಬಿಟ್ಟೆ, ಜಾರಿದೆ. ಆಚೆಗೆ ನಮ್ಮ ಸ್ಟುಡಿಯೋದಂಥ ನಾಲ್ಕು ಸ್ಟುಡಿಯೋ ಹಿಡಿಸುವಷ್ಟು ದೊಡ್ಡ ಹಾಲ್. ಬಾವಲಿ ಹಿಕ್ಕೆಯ ವಾಸನೆ ಮೂಗಿಗೆ ಹೊಡೆಯಿತು. ಮೇಲೆ ಬಾವಲಿಗಳು ಒಂದಕ್ಕೊಂದು ಅಂಟಿ ನೇತಾಡುತ್ತಿದ್ದವು. ಅವುಗಳತ್ತ ಫ್ಲಾಶ್ ಹೊಡೆಯಬೇಡ, ದನಿ ತಗ್ಗಿಸು ಎಂದು ಗೆಳತಿ ಪಿಸುಗುಟ್ಟಿದಳು. ಅವಳನ್ನು ದೂರದ ಬಂಡೆಯ ಪಕ್ಕ ನಿಲ್ಲಿಸಿದೆ. ಮನುಷ್ಯರಿಲ್ಲದಿದ್ದರೆ ಚಿತ್ರದಲ್ಲಿ ಜಾಗದ ಅಳತೆ ತಿಳಿಯುವುದಿಲ್ಲ. ಎಲ್ಲರ ದೀಪ ಆರಿಸಿ, ನಾನು ಕ್ಯಾಮೆರಾದ ಕಣ್ಣು ತೆರೆದಿಟ್ಟೆ, ಹಿರಿಯರು ಒಂದೊಂದೇ ಮೂಲೆಗೆ ಹೋಗಿ ಅಬ್ಬಾನ ಫ್ಲಾಶ್ ಹೊಡೆದರು. ಒಂದೊಂದು ಹೊಡೆತಕ್ಕೂ ಗೋಡೆಯ ಒಂದು ಭಾಗ ಕಣ್ಣಿಗೆ ಬಂದು ಮಾಯವಾಗುತ್ತಿತ್ತು. ನಮ್ಮ ಉಸಿರಿನ ಹಬೆ ಲೆನ್ಸಿನ ಮೇಲೆ ಕೂರುತ್ತಿತ್ತು, ಒರೆಸಿ ಒರೆಸಿ ತೆಗೆದೆ.

ಆ ಕತ್ತಲೆಯಲ್ಲಿ ಕಣ್ಣು ಮುಚ್ಚಿದರೂ ಒಂದೇ, ತೆರೆದರೂ ಒಂದೇ. ಟಾರ್ಚಿಲ್ಲದೆ ಬಂದವನು ಇಲ್ಲಿ ಎಷ್ಟು ಹೊತ್ತು ಕೂಗಿರಬಹುದು, ಯಾರ ಹೆಸರು ಕರೆದಿರಬಹುದು ಎಂದೆಲ್ಲ ಯೋಚನೆ ಬಂತು. ಅಬ್ಬಾ ಆಸ್ಪತ್ರೆಯಲ್ಲಿ ಕೊನೆಗೆ ಕಣ್ಣು ತೆರೆದು ನನ್ನನ್ನು ಗುರುತಿಸದೆ ಗೋಡೆ ನೋಡುತ್ತಿದ್ದದ್ದು ನೆನಪಾಗಿ, ಹೆಲ್ಮೆಟ್ಟಿನ ಕೆಳಗೆ ಸದ್ದಿಲ್ಲದೆ ಅತ್ತೆ. ಯಾರಿಗೂ ಕಾಣಲಿಲ್ಲ.

ಗೆಳತಿ ಟೇಪು ಹಿಡಿದು ಅಳೆಯುತ್ತಾ, ಹಿರಿಯರು ದಿಕ್ಸೂಚಿ ನೋಡಿ ಬರೆಯುತ್ತಾ, ನಾನು ಫೋಟೋ ತೆಗೆಯುತ್ತಾ ಒಂದೊಂದೇ ಸಂದಿ ನೋಡಿದೆವು. ಒಂದು ಬಂಡೆಯ ಬುಡದಲ್ಲಿ ಬಿಳಿ ಎಲುಬುಗಳು ಕಂಡವು. ನನ್ನ ಕೈ ಕ್ಯಾಮೆರಾ ಬಿಟ್ಟಿತು. ಅದು ಪಟ್ಟಿಗೆ ನೇತಾಡಿತು. ಹಿರಿಯರು ಮಂಡಿಯೂರಿ ದವಡೆಯೊಂದನ್ನು ತಿರುಗಿಸಿ ನೋಡಿ, "ಕುರಿ," ಅಂದರು. ಇನ್ನೊಂದೆಡೆ ಮುಳ್ಳುಹಂದಿಯ ಮುಳ್ಳುಗಳ ರಾಶಿ.

ಹಾಲ್‌ನ ಕೊನೆಯಲ್ಲಿ ನೆಲ ಸೀಳಿ ಕೆಳಕ್ಕಿಳಿದಿತ್ತು. ತಳದಲ್ಲಿ ನೀರು ಮಿನುಗಿತು. ಗೆಳತಿ ಹಗ್ಗ ಕಟ್ಟಿ ಇಳಿದಳು. ಹೊಳೆಗೆ ಹೋಗುವ ದಾರಿ ಇದೇ ಇರಬಹುದೇ ಎಂದು ನನಗೂ ಒಂದು ಕ್ಷಣ ಅನ್ನಿಸಿತು. ಅವಳು ಸೊಂಟದವರೆಗೆ ನೀರಿಗಿಳಿದು ಕೋಲಿನಿಂದ ಸುತ್ತಲೂ ತಡಕಿದಳು, ಮುಳುಗಿ ಕೈಯಿಂದ ಮುಟ್ಟಿದಳು.

"ಎಲ್ಲಾ ಕಡೆ ಬಂಡೆನೇ ಸರ್. ಮಳೆನೀರು ನಿಂತದ. ತಳದಾಗ ಮರಳು ಬಿಟ್ರ ಏನಿಲ್ಲ. ಗವಿ ಇಲ್ಲಿಗೆ ಮುಗೀತು."

ಹಿರಿಯರು ಬರೆಯುತ್ತಿದ್ದ ಪುಸ್ತಕ ಮುಚ್ಚಿದರು. ಆಮೇಲೆ, "ನಾಳಿ ಇನ್ನೊಮ್ಮೆ ನೋಡೋಣ," ಅಂದರು. ಅವರು ಅಳತೆಗಾಗಿ ಹಾಗೆ ಹೇಳಲಿಲ್ಲವೆಂದು ನಮ್ಮಿಬ್ಬರಿಗೂ ಗೊತ್ತಿತ್ತು.

ಮರುದಿನ ಮತ್ತೆ ಹೋದೆವು. ತಲೆ ಹಿಡಿಸದ ಸಂದಿಗಳಲ್ಲೂ ನಾನು ಕ್ಯಾಮೆರಾ ತೂರಿಸಿ ಫ್ಲಾಶ್ ಹೊಡೆದೆ. ಒಂದು ಗುಂಡಿಯಿಲ್ಲ, ಚಪ್ಪಲಿಯಿಲ್ಲ, ಬಟ್ಟೆಯ ಚೂರಿಲ್ಲ. ಆ ಇಕ್ಕಟ್ಟಿನ ಆಚೆಗೆ ಮನುಷ್ಯ ಎಂದೂ ಬಂದ ಗುರುತೇ ಇರಲಿಲ್ಲ. ನಾವು ಮೊದಲು ಕಾಲಿಡುವವರೆಗೆ ಹಿಕ್ಕೆಯ ಧೂಳು ಜರಡಿ ಹಿಡಿದ ಹಿಟ್ಟಿನಂತೆ ಹಾಗೇ ಕೂತಿತ್ತು.

ಹೊರಗೆ ಬಂದಾಗ ಅವಳು ಅದೇ ಬಂಡೆಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಅವಳ ಮೈದುನ, ಗಂಡನ ತಮ್ಮ, ನಿಂತಿದ್ದ. ನಮಗಾಗಿ ರೊಟ್ಟಿಯ ಗಂಟು ಬಿಚ್ಚಿಟ್ಟಿದ್ದಳು. ನಮ್ಮ ಕೈ ನೋಡಿದಳು. ಕೈ ಖಾಲಿ ಇತ್ತು.

"ಯವ್ವಾ, ಒಳಗ ಯಾರೂ ಇಲ್ಲ," ಅಂದರು ಹಿರಿಯರು.

"ನೀರಾಗ ಹರಕೊಂಡು ಹೋಗಿರಬೇಕ್ರಿ," ಮೈದುನ ತಟ್ಟನೆ ಹೇಳಿದ.

"ನೀರು ಎಲ್ಲೂ ಹೋಗಂಗಿಲ್ಲಪ್ಪಾ. ನಿಂತ ನೀರು ಅದು. ಗವಿ ಅಲ್ಲಿಗೇ ಮುಗೀತದ."

ಅವಳು ನನ್ನ ಕಡೆ ತಿರುಗಿದಳು. "ನೀವು ಫೋಟೋ ತಗದೀರಲ್ಲ. ತೋರಸ್ರಿ."

ಕ್ಯಾಮೆರಾದ ಹಿಂದಿನ ಪುಟ್ಟ ಪರದೆಯಲ್ಲಿ ಒಂದೊಂದಾಗಿ ತೋರಿಸಿದೆ. ಅವಳು ಸೆರಗಿನಿಂದ ಬಿಸಿಲು ಮರೆಮಾಡಿಕೊಂಡು ಬಗ್ಗಿ ನೋಡಿದಳು. ದೊಡ್ಡ ಹಾಲ್‌ನ ಚಿತ್ರ ಬಂದಾಗ, "ಇಷ್ಟು ದೊಡ್ಡದು ಅದ ಏನ್ರಿ ಒಳಗ," ಅಂದಳು. ಇಕ್ಕಟ್ಟಿನದು, ನೀರಿನದು, ಕುರಿಯ ದವಡೆಯದು. ಮುಗಿದ ಮೇಲೆ ಮತ್ತೊಮ್ಮೆ ಮೊದಲಿನಿಂದ ತೋರಿಸಲು ಹೇಳಿದಳು. ತೋರಿಸಿದೆ.

"ಹಂಗಾದ್ರ ನಾ ಯಾರ ಮುಂದ ಮಾತಾಡಿದೆ?" ಅಂದಳು. ನಮ್ಮನ್ನು ಕೇಳಿದ್ದಲ್ಲ. "ಮಗಳು ದೊಡ್ಡಾಕಿ ಆದ್ಲು ಅಂತ ಹೇಳಿದೆ. ಅತ್ತಿ ಹೋದ್ಲು ಅಂತ ಹೇಳಿದೆ. ಯಾರು ಕೇಳಿದ್ರು ಅದನ್ನ?"

ಮೈದುನ ನೆಲ ನೋಡುತ್ತಿದ್ದ. ಅವನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ. ಅವಳು ಅವನನ್ನು ದಿಟ್ಟಿಸಿ ನೋಡಿದಳು.

"ನಿನಗ ಗೊತ್ತಿತ್ತೇನು?"

"ಯಾರೋ ಹೈದರಾಬಾದನ್ಯಾಗ ಕಂಡೀವಿ ಅಂದಿದ್ರು ವೈನಿ. ಖರೇನೋ ಸುಳ್ಳೋ. ನಿಮಗ ಹ್ಯಾಂಗ ಹೇಳ್ಲಿ? ಸತ್ತಾನ ಅಂತ ತಿಳಕೊಂಡ್ರ ಸಮಾಧಾನ ಆಗಿರ್ತೀರಿ ಅಂತ..."

ಅವಳು ಅವನನ್ನು ಬೈಯಲಿಲ್ಲ. ಅಳಲೂ ಇಲ್ಲ. ರೊಟ್ಟಿ ಗಂಟನ್ನು ನಮ್ಮ ಕಡೆ ಸರಿಸಿ, "ಉಣ್ರಿ, ತಣ್ಣಗಾಗ್ತಾವ" ಅಂದು ಗುಡ್ಡ ಇಳಿದು ಹೋದಳು. ನಾವು ತಿಂದೆವು. ತಿನ್ನದೆ ಬಿಡುವುದೂ ಸಾಧ್ಯವಿರಲಿಲ್ಲ.

ವಾಪಸು ಬರುವ ದಾರಿಯಲ್ಲಿ ಗೆಳತಿ ಕೇಳಿದಳು, "ಸರ್, ಸಿಗಲಿಲ್ಲ ಅಂತಷ್ಟೇ ಹೇಳಿ ಬಿಡಬಹುದಿತ್ತಲ್ಲ? ಇನ್ನೂ ಆಳ ಅದ, ಹೋಗಾಕ ಆಗಲಿಲ್ಲ ಅಂತ?" ಹಿರಿಯರು ಕಿಟಕಿಯ ಹೊರಗೆ ನೋಡುತ್ತಾ, "ಮಾತು ಕೊಟ್ಟಿದ್ದೆ," ಅಂದರು.

ದೊಡ್ಡ ಹಾಲ್‌ನ ಆ ಚಿತ್ರ ನಾನು ಈವರೆಗೆ ತೆಗೆದವುಗಳಲ್ಲೆಲ್ಲ ಒಳ್ಳೆಯದು. ಗವಿಗಳ ಬಗ್ಗೆ ತಿಳಿದವರೆಲ್ಲ ಹೊಗಳಿದರೆಂದು ಹಿರಿಯರು ಫೋನಿನಲ್ಲಿ ಹೇಳಿದರು. ಹೇಳುವಾಗ ಅವರ ದನಿಯಲ್ಲೂ ಸಂತೋಷವಿರಲಿಲ್ಲ. ಅದನ್ನು ಪ್ರಿಂಟ್ ಹಾಕಿಸಿ ಅಂಗಡಿಯಲ್ಲಿ ತೂಗುಹಾಕಲು ನನಗೆ ಮನಸ್ಸಾಗಲಿಲ್ಲ.

ಕೆಲವು ತಿಂಗಳ ಮೇಲೆ ಗುಡ್ಡದ ಆ ಹೆಂಗಸೇ ಸ್ಟುಡಿಯೋಗೆ ಬಂದಳು. ಮೊದಲಿಗೆ ಗುರುತು ಸಿಗಲಿಲ್ಲ, ಅಷ್ಟು ಇಳಿದಿದ್ದಳು. ಹೈದರಾಬಾದಿಗೆ ಹೋಗಿ ಬಂದೆ ಅಂದಳು. ಕಟ್ಟಡ ಕೆಲಸ ನಡೆಯುವ ಕಡೆಯೆಲ್ಲ ಅಲೆದಳಂತೆ. ಸಿಗಲಿಲ್ಲ. ಊರಲ್ಲಿ ಮೊದಲು ಗಂಡ ಸತ್ತಾಕಿ ಎಂದು ಕರುಣೆ ತೋರುತ್ತಿದ್ದ ಹೆಂಗಸರು ಈಗ ಗಂಡ ಬಿಟ್ಟಾಕಿ ಅನ್ನುತ್ತಿದ್ದರು. ಮಗಳಿಗೆ ಬಂದಿದ್ದ ಒಂದು ಸಂಬಂಧವೂ ತಿರುಗಿ ಹೋಗಿತ್ತು. ಈಗ ರಾಯಚೂರಿನಲ್ಲೇ ಹತ್ತಿ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಕೆಲಸ ಹಿಡಿದಿದ್ದಳು. ಕೂದಲ ತುಂಬ ಅರಳೆಯ ಎಳೆಗಳು.

ಕೂರಿಸಿ ಚಹಾ ತರಿಸಿದೆ. ಕುಡಿಯದೆ ಕಪ್ಪನ್ನು ಹಿಡಿದುಕೊಂಡೇ ಕೇಳಿದಳು.

"ಆ ಹಿರೇರನ್ನ ಒಂದ್ ಮಾತು ಕೇಳ್ತೀರೇನ್ರಿ? ಇನ್ನೊಂದು ಸಂದಿ ಏನರ ನೋಡೂದು ಉಳದದೇನು ಅಂತ?"

ಅವಳು ಏನು ಬೇಡುತ್ತಿದ್ದಾಳೆಂದು ನನಗೆ ತಿಳಿಯಿತು. ಗಂಡ ಎಲ್ಲೋ ಬದುಕಿದ್ದಾನೆ ಎನ್ನುವುದಕ್ಕಿಂತ ಆ ಬಂಡೆಯೊಳಗೆ ಸತ್ತುಬಿದ್ದಿದ್ದಾನೆ ಎಂಬುದೇ ಅವಳಿಗೆ ಬೇಕಾಗಿತ್ತು. ನನ್ನ ನಾಲಗೆಯ ತುದಿಗೆ ಸುಳ್ಳು ಬಂದಿತ್ತು. ಆದರೆ ಅವಳು ಆ ಫೋಟೋಗಳನ್ನು ಎರಡು ಸಲ ನೋಡಿದ್ದಳು.

"ಇಲ್ಲವ್ವಾ," ಅಂದೆ. "ಉಳದಿಲ್ಲ."

"ಹೌದ್ರಿ," ಅಂದಳು, ಬಹಳ ಮೆಲ್ಲಗೆ.

ರೇಷನ್ ಕಾರ್ಡಿಗೆ ಫೋಟೋ ಬೇಕಿತ್ತಂತೆ. ಸ್ಟೂಲು ತೋರಿಸಿದೆ. ಕನ್ನಡಿಯ ಕೆಳಗೆ ನಾನು ಗಿರಾಕಿಗಳಿಗಾಗಿ ಪೌಡರ್, ಬಾಚಣಿಗೆ, ಕುಂಕುಮದ ಡಬ್ಬಿ ಇಟ್ಟಿರುತ್ತೇನೆ. ಅವಳು ಡಬ್ಬಿ ತೆರೆದಳು, ಬೆರಳು ಅದ್ದಿದಳು, ಹಾಗೇ ನಿಂತಳು.

"ಅಕ್ಕಾರ, ನಾ ಈಗ ಹಚ್ಗೋಬೇಕೋ ಬ್ಯಾಡೋ?"

ದಿನವೂ ಎಷ್ಟೋ ಜನರಿಗೆ ಗದ್ದ ಎತ್ತಿ, ಸೆರಗು ಸರಿ ಮಾಡಿಕೊಳ್ಳಿ ಎಂದು ಹೇಳುವವಳು ನಾನು. ಫ್ಲಾಶಿನ ತಂತಿ ಬಿಚ್ಚಿ ಮತ್ತೆ ಸಿಕ್ಕಿಸಿದೆ. ಅವಳು ಕಾದಳು. ಆಮೇಲೆ ಬೆರಳನ್ನು ಸೀರೆಯ ಅಂಚಿಗೆ ಒರೆಸಿಕೊಂಡು, ಕ್ಯಾಮೆರಾದ ಕಡೆ ಮುಖ ಮಾಡಿ ಕೂತಳು.

"ಹ್ಯಾಂಗ ಅದೀನೋ ಹಂಗ ತಗೀರಿ," ಅಂದಳು.

ಫ್ಲಾಶ್ ಹೊಡೆದೆ. ಕಣ್ಣು ಮುಚ್ಚಿಬಿಟ್ಟಳು. ಇನ್ನೊಮ್ಮೆ ಹೊಡೆದೆ. ಆಗಲೂ ಮುಚ್ಚಿದ್ದಳು.