ಒಂಟಿಯವರಿಗೆ ಕೊಠಡಿ

ಹೊಸ ಸುಣ್ಣದ ವಾಸನೆಗೆ ಒಂದು ದುರ್ಗುಣವಿದೆ, ನೋಡಿ: ಅದು ಹಳೆಯದನ್ನು ಮುಚ್ಚುವ ಬದಲು ಎಬ್ಬಿಸುತ್ತದೆ. ಹಾಸನದ ಬಸ್ ನಿಲ್ದಾಣದ ಹಿಂದಿನ ಈ ಹಳೆಯ ಲಾಡ್ಜಿನ ಪಡಸಾಲೆಯಲ್ಲಿ ಇಂದು ಬೆಳಿಗ್ಗೆ ಕುಳಿತಿದ್ದೇನೆ. ಒದ್ದೆ ಗೋಡೆಗಳ ಮೇಲೆ ಬಿಸಿಲು ಹಾಲಿನಂತೆ ಹರಡಿದೆ. ಆ ಬೆಳಕಿನೊಳಗಿಂದ ನನ್ನ ಹಳೆಯ ಅವಮಾನವೊಂದು ಮೆಲ್ಲಗೆ ಎದ್ದು ಬರುತ್ತಿದೆ.

ಆಗ ನನಗೆ ನಡುವಯಸ್ಸು. ಅರಕಲಗೂಡಿನ ಮದುವೆಯೊಂದನ್ನು ಮುಗಿಸಿ ಹಾಸನಕ್ಕೆ ಬರುವಷ್ಟರಲ್ಲಿ ಚನ್ನರಾಯಪಟ್ಟಣಕ್ಕೆ ಹೋಗುವ ಕೊನೆಯ ಬಸ್ಸು ಹೊರಟುಹೋಗಿತ್ತು. (ಆ ಮದುವೆಯಲ್ಲಿ ನನ್ನನ್ನು ಎರಡನೆಯ ಪಂಕ್ತಿಯವರೆಗೆ ಕಾಯಿಸಿದರು. ಅದು ಬೇರೆ ಕಥೆ, ಮರೆತಿಲ್ಲ.) ಈ ಲಾಡ್ಜಿಗೆ ಬಂದು ಕೊಠಡಿ ಕೇಳಿದೆ. ಮ್ಯಾನೇಜರ್ ರುದ್ರಪ್ಪ ನನ್ನ ಬೆನ್ನ ಹಿಂದೆ ಇಣುಕಿದ.

“ಜೊತೇಲಿ ಯಾರವ್ರೆ?”

“ಯಾರೂ ಇಲ್ಲ.”

“ಒಂಟಿಯೋರಿಗೆ ರೂಮ್ ಕೊಡಾಕಿಲ್ಲ ಸಾ. ಒಳಗಿಂದ ಚಿಲಕ ಆಕ್ಕಂಡು ಏನಾರ ಮಾಡ್ಕಂಬುಟ್ರೆ ಪೊಲೀಸ್ನೋರ್ಗೆ ಯಾರು ಉತ್ರ ಕೊಡೋದು?”

ಲಾಡ್ಜುಗಳ ಈ ಪದ್ಧತಿ ನಿಮಗೂ ಗೊತ್ತಿರಬಹುದು. ಆದರೂ, ಮಡಿಸಿದ ಕೊಡೆ, ಒಗೆದ ಪಂಚೆಯ ಸಮೇತ ನಿಂತವನ ಮುಖದಲ್ಲಿ ಅಂಥ ಲಕ್ಷಣ ಕಂಡ ಆ ಮಹಾನುಭಾವನನ್ನು ನಾನು ಕ್ಷಮಿಸಲಿಲ್ಲ. ನಿಲ್ದಾಣದ ಬೆಂಚೇ ಗತಿಯಾಯಿತು. ಅನಂತರ ಎಷ್ಟೋ ಸಲ ಕನಸಿನಲ್ಲಿ ಇಲ್ಲಿಯ ಮೆಟ್ಟಿಲು ಹತ್ತಿದ್ದೇನೆ. ಶೆಟ್ಟಿಹಳ್ಳಿಯ ಹಿನ್ನೀರಿನಲ್ಲಿ ನಿಂತ ಪಾಳು ಚರ್ಚಿನ ಕಮಾನುಗಳಂತೆ ಬಾಗಿಲುಗಳು ತೇಲಿ ತೇಲಿ ದೂರ ಸರಿಯುತ್ತಿದ್ದವು.

ಕಾಲಾಂತರದಲ್ಲಿ ಲಾಡ್ಜು ಮುಚ್ಚಿತು. ಬೀದಿಯಲ್ಲಿ ಬಾಳಿದವರಿಗೆ ಅದನ್ನು ಕಾಯಂ ವಸತಿಯಾಗಿ ಮಾಡಲು ನಾವು ಕೆಲವು ನಿವೃತ್ತರು ಸೇರಿದೆವು: ಒಬ್ಬರಿಗೊಂದು ಕೊಠಡಿ, ಕೆಳಗೆ ಎಲ್ಲರಿಗೂ ಸೇರಿದ ಅಡುಗೆಮನೆ, ಆಗಾಗ ಬಂದು ನೋಡುವ ನರ್ಸು. ಒಂಟಿಯವರಿಗೇ ಕೊಠಡಿ ಎಂದು ಗೊತ್ತುಮಾಡಿದ ದಿನ ನನಗಾದ ಸುಖವನ್ನು ಬಚ್ಚಿಡಲಾರೆ. ಆದರೆ ಕಟ್ಟಡದ ನಲ್ಲಿ, ಬೀಗಗಳ ಗುಟ್ಟು ಬಲ್ಲವನೆಂದು ಉಳಿದವರು ಅದೇ ರುದ್ರಪ್ಪನನ್ನು ಉಸ್ತುವಾರಿಗೆ ಇಟ್ಟುಕೊಂಡರು. ನನ್ನನ್ನು ಕೇಳಲಿಲ್ಲ. ಅವನಿಗೆ ನನ್ನ ಗುರುತಿರಲಿಲ್ಲ. ನನಗೆ ಇಬ್ಬರಿಗೂ ಸಾಲುವಷ್ಟು ನೆನಪಿತ್ತು.

ಹೋದ ವಾರ ಗಂಗಮ್ಮ ಬಂದಳು. ಹೊಳೆನರಸೀಪುರದ ಕಡೆಯ ಮುದುಕಿ. ತನ್ನ ಗಂಟನ್ನೇ ತಲೆದಿಂಬು ಮಾಡಿಕೊಂಡು ವರ್ಷಗಟ್ಟಲೆ ನಿಲ್ದಾಣದಲ್ಲಿ ಮಲಗಿದವಳು. ಕೊಠಡಿಯ ಕಿಟಕಿ ತೆರೆದು ನೋಡಿ ನಕ್ಕಳು.

“ಆಚೆ ಓಗುವಾಗ ಕೀ ನನ್ ಕೈಲಿ ಕೊಟ್ಟು ಓಗ್ಬೇಕು ಕಣವ್ವ,” ಎಂದ ರುದ್ರಪ್ಪ.

ಅವಳ ನಗು ನಿಂತಿತು. ಗಂಟು ಮತ್ತೆ ಕಂಕುಳಿಗೇರಿತು. “ನಿನ್ನೆಂಡ್ರು ಸಂತೆಗೋಗುವಾಗ ಬೀಗದ್ ಕೈನ ಕಂಡೋರ್ ಕೈಗೆ ಕೊಟ್ಟೋಯ್ತಾಳೇನ್ಲಾ? ನಂಗೆ ಬಸ್‌ಸ್ಟ್ಯಾಂಡೇ ವಾಸಿ ಬುಡು.”

“ಲಾಡ್ಜಂದ್ರೆ ಅಂಗೇಯ.”

“ಇದು ಲಾಡ್ಜಲ್ಲ!” ನಾನು ಎದ್ದು ನಿಂತಿದ್ದೆ. “ಒಂಟಿಯವರ ಬಾಗಿಲಿನ ಮೇಲೆ ನಿನಗೇನಯ್ಯಾ ಇಷ್ಟು ಅನುಮಾನ?”

ಅವನು ತಲೆ ತಗ್ಗಿಸಿದ. “ಮ್ಯಾಗ್ಲು ರೂಮಿನ್ ಬಾಗ್ಲ ಒಂದ್ಸಲ ನಾನೇ ಒಡೆಸ್ದೆ ಸಾ. ಯಾವನೋ ಒಬ್ಬ ಒಂಟಿಯಾಗ್ ಬಂದಿದ್ದ. ಉಳೀನಿಲ್ಲ. ಅವತ್ತಿಂದ ಚಿಲಕದ್ ಸದ್ದು ಕೇಳುದ್ರೆ ಎದೆ ಅದ್ರುತ್ತೆ.”

ಆ ಮೆಟ್ಟಿಲುಗಳ ಮೇಲೆ ಇವನೂ ಕನಸಿನಲ್ಲಿ ಅಲೆಯುತ್ತಿರಬಹುದೆಂದು ನಾನು ಎಣಿಸಿರಲಿಲ್ಲ. ನನ್ನ ದನಿ ಇಳಿಯಿತು. “ಹೆದರಿಕೆಯಾದರೆ ಬಾಗಿಲು ತಟ್ಟಿ ಮಾತನಾಡಿಸು. ಕೀಲಿ ಮಾತ್ರ ಅವಳದು.”

ಗಂಗಮ್ಮ ಗಂಟು ಇಳಿಸಿದಳು.

ಈಗ, ಮೇಲೆ ಬೀಗ ಜಗ್ಗಿ ನೋಡಿದ ಸದ್ದು. ಕೀಲಿಯನ್ನು ಸೆರಗಿಗೆ ಗಂಟುಹಾಕಿಕೊಂಡು ಅವಳು ಇಳಿದು ಬಂದಳು. ಅಭ್ಯಾಸಬಲದಿಂದ ರುದ್ರಪ್ಪನ ಕೈ ಮುಂದೆ ಚಾಚಿತು. ಅವಳು ಆ ಅಂಗೈಯ ಮೇಲೆ ಸುಣ್ಣ ಸವರಿ ಅಡಿಕೆ ಉದುರಿಸಿದ ಒಂದು ವೀಳ್ಯದೆಲೆ ಇಟ್ಟು, “ಅಗಿಯಲಾ, ಬಾಯಾದ್ರೂ ಕೆಂಪಾಗ್ಲಿ,” ಎಂದು ಬೀದಿಗಿಳಿದಳು.

ಅವನು ಎಲೆಯನ್ನು ಹರಿದು ಅರ್ಧ ನನಗೆ ನೀಡಿದ. “ತಗಳಿ ಸಾ.”

‘ಅಂದು ರಾತ್ರಿ ನೀನು ನನಗೆ ಕೊಠಡಿ ಕೊಡಲಿಲ್ಲ’ ಎನ್ನಲು ಬಾಯಿ ತೆರೆದೆ. ಎಲೆಯನ್ನು ಅದರೊಳಗೆ ಇಟ್ಟುಕೊಂಡೆ.